ಹ್ಯಾಗಿಸ್ ಹಳೆಯದೋ ಹೊಸದೋ: ಸ್ಕಾಟ್ಲೆಂಡಿನ ಊಟದಲ್ಲಿ ಯಾವುದನ್ನು ಆರಿಸಿಕೊಳ್ಳುವುದು?

ಎಡಿನ್‌ಬರೋದಲ್ಲಿ ನಾನಿದ್ದ ಬೀದಿಯಲ್ಲಿ ಹ್ಯಾಗಿಸ್, ಅಂದರೆ ಕುರಿಯ ಒಳಾಂಗಗಳನ್ನು ಓಟ್ಸ್ ಜೊತೆ ಬೇಯಿಸಿದ ಸ್ಕಾಟ್ಲೆಂಡಿನ ತಿನಿಸು, ಮೂರು ಕಡೆ ಸಿಗುತ್ತಿತ್ತು. ಮೂಲೆಯ ಮಾಂಸದಂಗಡಿಯ ಗಾಜಿನ ಹಿಂದೆ ಅದು ಬೂದುಬಣ್ಣದ ಗಂಟು. ನಾಲ್ಕು ಹೆಜ್ಜೆ ಆಚೆಯ ಪಬ್‌ನಲ್ಲಿ ಅದೇ ಹ್ಯಾಗಿಸ್, ಕೆಳಗೆ ಆಲೂಗಡ್ಡೆ, ಮೇಲೆ ಟರ್ನಿಪ್ ಜಾತಿಯ ಹಳದಿ ಗಡ್ಡೆ ಇಟ್ಟು ಎಬ್ಬಿಸಿದ ಗೋಪುರ. ಸುತ್ತ ವಿಸ್ಕಿ ಬೆರೆಸಿದ ಕೆನೆಯ ಸಾಸಿನ ಕಂದಕ. ರಸ್ತೆ ದಾಟಿದರೆ ಬಿಳಿ ಮೇಜುಬಟ್ಟೆಯ ಹೋಟೆಲು. ಅಲ್ಲಿ ನಿಂಬೆಹಣ್ಣಿಗಿಂತ ಸಣ್ಣದಾದ ಎರಡು ಕರಿದ ಉಂಡೆಗಳು, ದೊಡ್ಡ ತಟ್ಟೆಯ ನಡುವೆ ದಿಕ್ಕುತಪ್ಪಿದಂತೆ ಕುಳಿತಿರುತ್ತಿದ್ದವು. ಗಾತ್ರ ಇಳಿದಂತೆ ಬೆಲೆ ಏರುತ್ತಿತ್ತು. ಊರಿನಿಂದ ಬಂದ ನೆಂಟರು, ಗೆಳೆಯರು ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಇದರಲ್ಲಿ ಅಸಲಿ ಯಾವುದು?

ಅಸಲಿಯನ್ನು ಹುಡುಕಹೊರಟರೆ ಬೇಗ ಕಾಲು ಜಾರುತ್ತದೆ. ಹ್ಯಾಗಿಸ್‌ನ ಪಕ್ಕದಲ್ಲಿ ಅನಾದಿಕಾಲದಿಂದ ಕುಳಿತಂತೆ ಕಾಣುವ ಆಲೂಗಡ್ಡೆಯೂ ಹಳದಿ ಗಡ್ಡೆಯೂ ಸ್ಕಾಟ್ಲೆಂಡಿನ ಹೊಲಗಳಲ್ಲಿ ನೆಲೆಯೂರಿದ್ದು 18ನೇ ಶತಮಾನದಲ್ಲಿ. ಇನ್ನು ಹ್ಯಾಗಿಸ್ ಮಾಡುವ ಬಗೆಯನ್ನು ಹೇಳುವ ಹಳೆಯ ಪಾಕಪದ್ಯವೊಂದು ಸಿಕ್ಕಿರುವುದು 15ನೇ ಶತಮಾನದ ಇಂಗ್ಲೆಂಡಿನಲ್ಲಿ. ಸ್ಕಾಟರಿಗೆ ಇದನ್ನು ಹೇಳಲೇಬೇಕೆಂದಿದ್ದರೆ ಬಾಗಿಲ ಹತ್ತಿರ ನಿಂತು ಹೇಳುವುದು ಕ್ಷೇಮ.

ಹಾಗಾಗಿ ನಾನು ಬೇರೊಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಸ್ಕಾಟ್ಲೆಂಡಿನ ಬಡವರ ಅಡುಗೆಮನೆಗೆ ಚೆನ್ನಾಗಿ ಗೊತ್ತಿದ್ದದ್ದು ಓಟ್ಸ್, ಹೊಗೆ ಮತ್ತು ಏನನ್ನೂ ಬಿಸಾಡದ ಜಾಣತನ. ಈ ಮೂರರ ಮೇಲೆ ನಿಂತ ತಿನಿಸಾದರೆ ಹಳೆಯ ರೂಪವನ್ನೇ ಆರಿಸಿಕೊಳ್ಳಿ. ಆ ಅಡುಗೆಮನೆಯ ಹೊಸ್ತಿಲನ್ನು ಹೆಚ್ಚಾಗಿ ದಾಟದೆ ಹೋದ ಪದಾರ್ಥಗಳೂ ಇದ್ದವು: ಜಮೀನ್ದಾರರ ಬೆಟ್ಟದ ಜಿಂಕೆ, ಹಿಡಿದ ಕೂಡಲೇ ಮಾರಾಟಕ್ಕೆ ಹೋಗುತ್ತಿದ್ದ, ಕೊಂಡಿಗಳಿರುವ ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್. ಇವುಗಳ ವಿಷಯದಲ್ಲಿ ಹೊಸ ಅಡುಗೆಯವರನ್ನು ನಂಬಿ.

ಹ್ಯಾಗಿಸ್

ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶಗಳನ್ನು ಬೇಯಿಸಿ ಕೊಚ್ಚಿ, ಓಟ್ಸ್ ತರಿ, ಈರುಳ್ಳಿ, ಕೊಬ್ಬು, ಉಪ್ಪು, ಧಾರಾಳವಾಗಿ ಕರಿಮೆಣಸು ಸೇರಿಸಿ, ಕುರಿಯ ಹೊಟ್ಟೆಚೀಲಕ್ಕೆ ತುಂಬಿ ಮತ್ತೆ ಬೇಯಿಸಿದರೆ ಹ್ಯಾಗಿಸ್. ಈಗ ಹೊಟ್ಟೆಚೀಲದ ಬದಲು ಬಹುಮಟ್ಟಿಗೆ ಕೃತಕ ಹೊದಿಕೆ ಬಂದಿದೆ. ಬೋಟಿ ಗೊಜ್ಜು, ತಲೆಮಾಂಸ ತಿಂದು ಬೆಳೆದವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಉದುರುದುರಾದ ಉಪ್ಪಿಟ್ಟಿಗೆ ಖಾರದ ಕೈಮಾ ಕಲಸಿದಂತೆ ಇರುತ್ತದೆ. ಬಳಸುವ ಕೊಬ್ಬು ಹಲವು ಸಲ ದನದ್ದಾಗಿರುತ್ತದೆ. ಅದು ವರ್ಜ್ಯವಾದವರು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಮೊದಲ ಸಲ ತಿನ್ನುವವರು ಮಾಂಸದಂಗಡಿಯದನ್ನೇ ತರಬೇಕು. ಅದು ಆಗಲೇ ಬೆಂದಿರುತ್ತದೆ, ಮನೆಯಲ್ಲಿ ಬಿಸಿ ಮಾಡಿದರೆ ಸಾಕು. ಫಾಯಿಲ್‌ನಲ್ಲಿ ಸುತ್ತಿ ಓವನ್‌ನಲ್ಲಿಡುವುದು ಸುಲಭ. ನೀರಿನಲ್ಲಾದರೆ ಸಣ್ಣ ಉರಿಯೇ ಇರಲಿ, ಬಿರುಸಾಗಿ ಕುದಿಸಿದರೆ ಹೊದಿಕೆ ಒಡೆದು ಪಾತ್ರೆಯೆಲ್ಲ ಗಂಜಿಯಾಗುತ್ತದೆ. ನನ್ನ ಮೊದಲ ಹ್ಯಾಗಿಸ್ ಹಾಗೇ ಆಗಿತ್ತು. ಅದನ್ನು ಸೋಸಿ ಬಾಣಲೆಯಲ್ಲಿ ಹುರಿದೆ. ತಳ ಸ್ವಲ್ಪ ಹೊತ್ತಿ ಓಟ್ಸ್ ಗರಿಗರಿಯಾದಾಗ ಬಂದ ರುಚಿ ಸರಿಯಾಗಿ ಮಾಡಿದಾಗಲೂ ಬರಲಿಲ್ಲ. ಈಗ ಬೇಕೆಂದೇ ಹುರಿಯುತ್ತೇನೆ.

ಪಬ್‌ನ ಗೋಪುರ ಪ್ರವಾಸಿಗರಿಗೆಂದೇ ಎದ್ದದ್ದು. ಅದರಲ್ಲಿ ಮೋಸವಿಲ್ಲ, ಆದರೆ ಕೆನೆಯ ಸಾಸು ಕರಿಮೆಣಸಿನ ಬಾಯಿ ಮುಚ್ಚಿಸುತ್ತದೆ. ಸಾಸನ್ನು ಬೇರೆ ಬಟ್ಟಲಲ್ಲಿ ಕೊಡಿ ಎಂದರೆ ಕೊಡುತ್ತಾರೆ. ಕೋಳಿಯ ಎದೆಮಾಂಸದೊಳಗೆ ಹ್ಯಾಗಿಸ್ ತುಂಬಿ ಮೇಲೆ ಬೇಕನ್ ಸುತ್ತುವ ಚಿಕನ್ ಬಾಲ್ಮೊರಲ್ ಎಂಬುದು ಇನ್ನೊಂದಿದೆ. ರಾಜಮನೆತನದ ಕೋಟೆಯ ಹೆಸರು ಅಂಟಿಕೊಂಡಿರುವುದರಿಂದ ಹಳೆಯ ಕಾಲದ್ದೆಂದು ಬಹಳ ಮಂದಿ ತಿಳಿಯುತ್ತಾರೆ. ಇತ್ತೀಚಿನ ಹೋಟೆಲಿನ ಆವಿಷ್ಕಾರ ಅದು. ಕೋಳಿ ಒಣಗಿ, ಹ್ಯಾಗಿಸ್ ನೆನೆದು, ಎರಡೂ ಕೆಡುವ ಸಂಭವವೇ ಹೆಚ್ಚು. ನಾನಂತೂ ಬಿಟ್ಟುಬಿಟ್ಟೆ.

ಹೊಸ ರೂಪಗಳಲ್ಲಿ ಮೂರು ಮಾತ್ರ ಸ್ವಂತ ಕಾಲಮೇಲೆ ನಿಲ್ಲುತ್ತವೆ. ಗ್ಲಾಸ್ಗೋದಲ್ಲಿ 1971ರಲ್ಲಿ ಶುರುವಾದ ಯುಬಿಕ್ವಿಟಸ್ ಚಿಪ್ ಹೋಟೆಲಿನ ಜಿಂಕೆಮಾಂಸದ ಹ್ಯಾಗಿಸ್ ಮೊದಲನೆಯದು. ಒಳ್ಳೆಯ ಹೋಟೆಲೆಂದರೆ ಫ್ರೆಂಚ್ ಅಡುಗೆಯೇ ಎಂದು ನಂಬಿದ್ದ ಕಾಲದಲ್ಲಿ ಅವರು ಸ್ಕಾಟಿಷ್ ಪದಾರ್ಥಗಳನ್ನು ಹೆಸರಿಟ್ಟು ಬಡಿಸಿದರು. ಎರಡನೆಯದು ಸಸ್ಯಾಹಾರಿ ಹ್ಯಾಗಿಸ್. 1984ರಲ್ಲಿ ಎಡಿನ್‌ಬರೋದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆಂದು ಮ್ಯಾಕ್ಸ್ವೀನ್ ಎಂಬ ಮಾಂಸದ ವ್ಯಾಪಾರಿಗಳ ಮನೆತನ ಇದನ್ನು ತಯಾರಿಸಿತು. ಕವಿಗಳಿಗೆ ಹ್ಯಾಗಿಸ್ ಇಲ್ಲದೆ ನಡೆಯದು, ಕಾರಣ ರಾಬರ್ಟ್ ಬರ್ನ್ಸ್. ಆ ಕವಿ ಹ್ಯಾಗಿಸ್‌ಗೊಂದು ಸ್ತುತಿಪದ್ಯ ಬರೆದಿದ್ದಾನೆ; ಅವನ ಹುಟ್ಟುಹಬ್ಬವಾದ ಜನವರಿ 25ರ ರಾತ್ರಿ ನಾಡಿಡೀ ಅದನ್ನು ಓದಿ ಹ್ಯಾಗಿಸ್‌ಗೆ ಚಾಕು ಹಾಕುತ್ತದೆ. ಸಸ್ಯಾಹಾರಿ ಕವಿ ಪಾಪ ಏನು ಮಾಡಬೇಕು? ಓಟ್ಸ್, ಬೇಳೆ, ರಾಜ್ಮಾ, ಕ್ಯಾರೆಟ್, ಅಣಬೆ, ಬೀಜಗಳು ಸೇರಿದ ಈ ಹ್ಯಾಗಿಸ್‌ನಲ್ಲಿ ಓಟ್ಸ್ ಮತ್ತು ಮೆಣಸು ತಮ್ಮ ಜಾಗದಲ್ಲೇ ಇವೆ. ಅದಕ್ಕೇ ಇದು ಮಾಂಸದ ನಕಲು ಅನ್ನಿಸುವುದಿಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ವರ್ಷವಿಡೀ ಸಿಗುತ್ತದೆ.

ಮೂರನೆಯದು ಹ್ಯಾಗಿಸ್ ಪಕೋಡ, ಗ್ಲಾಸ್ಗೋದ ಪಂಜಾಬಿ ಮತ್ತು ಪಾಕಿಸ್ತಾನಿ ಮೂಲದವರ ಹೋಟೆಲುಗಳ ಕೊಡುಗೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದು, ಗುಲಾಬಿ ಬಣ್ಣದ ಮೊಸರಿನ ಸಾಸಿನ ಜೊತೆ ಕೊಡುತ್ತಾರೆ. ಒಂದು ದೇಶದ ಮಸಾಲೆಗೆ ಇನ್ನೊಂದು ದೇಶದ ಹಿಟ್ಟು ಹೊದಿಸುವುದು ಸಲೀಸಾಗಿ ಕಂಡರೂ ಎಲ್ಲ ಸಲವೂ ಕೂಡಿಬರುವುದಿಲ್ಲ. ಇಲ್ಲಿ ಕೂಡಿಬಂದಿದೆ. ನಮ್ಮ ಮನೆಯಲ್ಲಿ ಸಸ್ಯಾಹಾರಿ ಹ್ಯಾಗಿಸ್‌ಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಬೋಂಡ ಮಾಡುತ್ತೇವೆ. ಮಳೆ ಬಿಡದ ನವೆಂಬರಿನಲ್ಲಿ ಅದಕ್ಕೆ ಬೇರೆ ಸಾಟಿಯಿಲ್ಲ.

ಅಮೆರಿಕದಲ್ಲಿರುವ ನೆಂಟರಿಗೆ ಹ್ಯಾಗಿಸ್ ಕಟ್ಟಿಕೊಂಡು ಹೋಗುವ ಯೋಚನೆ ಬೇಡ. ಆಹಾರದಲ್ಲಿ ಶ್ವಾಸಕೋಶದ ಬಳಕೆಯನ್ನು ಆ ದೇಶ 1971ರಲ್ಲೇ ನಿಷೇಧಿಸಿತು.

ಹೊಗೆಯ ಮೀನು

ಇಲ್ಲಿ ನನಗೆ ಅನುಮಾನವೇ ಇಲ್ಲ: ಹಳೆಯದು.

ಪೂರ್ವ ಕರಾವಳಿಯ ಆರ್ಬ್ರೋತ್ ಪಟ್ಟಣದ ಸ್ಮೋಕಿ ಎಂದರೆ ಹ್ಯಾಡಕ್ ಮೀನು. ತಲೆ ತೆಗೆದು, ಉಪ್ಪು ಹಾಕಿಟ್ಟು, ಬಾಲಕ್ಕೆ ಬಾಲ ಸೇರಿಸಿ ಎರಡೆರಡನ್ನು ಸೆಣಬಿನ ದಾರದಿಂದ ಕಟ್ಟಿ, ಗಟ್ಟಿಮರದ ಬೆಂಕಿಯ ಮೇಲೆ ಕೋಲಿಗೆ ನೇತುಹಾಕುತ್ತಾರೆ. ಮೇಲೆ ಒದ್ದೆ ಗೋಣಿ ಮುಚ್ಚುತ್ತಾರೆ. ಹೊಗೆ, ಹಬೆ, ಶಾಖ ಮೂರೂ ಒಟ್ಟಿಗೆ ಕೆಲಸ ಮಾಡಿ ಒಂದು ಗಂಟೆಯೊಳಗೆ ಮೀನು ತಾಮ್ರದ ಬಣ್ಣಕ್ಕೆ ತಿರುಗಿ ಬೆಂದೂ ಬಿಡುತ್ತದೆ. ಈ ಪದ್ಧತಿ ಮೊದಲು ಇದ್ದದ್ದು ಪಕ್ಕದ ಆಚ್‌ಮಿಥಿ ಎಂಬ ಬೆಸ್ತರ ಹಳ್ಳಿಯಲ್ಲಿ. 2004ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಮೇಲೆ ಆರ್ಬ್ರೋತ್‌ನಿಂದ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಬಂದರಿನ ಬಳಿ ಕಾಗದದಲ್ಲಿ ಸುತ್ತಿ ಬಿಸಿಬಿಸಿಯಾಗಿ ಕೊಡುತ್ತಾರೆ. ಕೈಯಿಂದ ಮುಳ್ಳು ಬಿಡಿಸಿಕೊಂಡು ತಿನ್ನಬೇಕು. ಇದನ್ನು ದೊಡ್ಡ ಹೋಟೆಲುಗಳು ಪೇಸ್ಟ್ ಮಾಡುತ್ತವೆ, ರಿಸೊಟ್ಟೊಗೆ ಹಾಕುತ್ತವೆ, ನೊರೆ ಎಬ್ಬಿಸುತ್ತವೆ. ಒಂದೂ ಆ ಕಾಗದದ ಪೊಟ್ಟಣದ ಹತ್ತಿರ ಸುಳಿಯುವುದಿಲ್ಲ.

ಕಲನ್ ಸ್ಕಿಂಕ್ ಎಂಬ ಸೂಪಿಗೆ ಬೇಕಾದದ್ದು ಬೇರೆ ಬಗೆಯ ಹೊಗೆಮೀನು. ಅದು ಫಿನ್ನನ್ ಹ್ಯಾಡಿ, ತಣ್ಣನೆಯ ಹೊಗೆಯಲ್ಲಿಟ್ಟದ್ದು. ಆದ್ದರಿಂದ ಹಸಿಯಾಗಿಯೇ ಇರುತ್ತದೆ, ಬೇಯಿಸಲೇಬೇಕು. ಅಬರ್ಡೀನ್ ಬಳಿಯ ಫಿಂಡನ್ ಹಳ್ಳಿಯಿಂದ ಈ ಹೆಸರು ಬಂತು. ಸ್ಕಿಂಕ್ ಎಂಬ ಮಾತಿಗೆ ಮೊದಲಿದ್ದ ಅರ್ಥ ದನದ ಮೊಣಕಾಲ ಕೆಳಗಿನ ಮಾಂಸ, ಅದರ ಸಾರು. ಮೋರೆ ಕರಾವಳಿಯ ಕಲನ್‌ನಲ್ಲಿ ಮೀನು ಕೈಗೆ ಸಿಗುತ್ತಿತ್ತು. ಹೆಸರು ಉಳಿಯಿತು, ಒಳಗಿನ ಪದಾರ್ಥ ಬದಲಾಯಿತು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, ಆಲೂಗಡ್ಡೆ ಬೇಯಿಸಿ, ಮೀನು ಬೆಂದ ಹಾಲನ್ನು ಸುರಿದು, ಕೊನೆಗೆ ಮೀನಿನ ಎಸಳುಗಳನ್ನು ಬಿಡುವುದು, ಅಷ್ಟೇ. ಕೆನೆ ಸುರಿದು ಮಂದ ಮಾಡಿದ್ದಕ್ಕಿಂತ ಆಲೂಗಡ್ಡೆಯನ್ನೇ ಸ್ವಲ್ಪ ಮಸೆದು ಮಂದ ಮಾಡಿದ್ದು ಮೇಲು. ಅಂಗಡಿಯಲ್ಲಿ ಅರಿಶಿನ ಬಳಿದಂತೆ ಕಾಣುವ ಮೀನು ಬೇಡ, ಅದಕ್ಕೆ ಬಣ್ಣ ಹಾಕಿರುತ್ತಾರೆ. ಪೇಲವವಾಗಿ ಕೆನೆಬಣ್ಣದಲ್ಲಿರುವುದನ್ನು ಕೇಳಿ.

ಓಟ್ಸ್, ಮತ್ತು ನನ್ನ ಅಮ್ಮ

ಅಮ್ಮ ನಮ್ಮಲ್ಲಿಗೆ ಬಂದಿದ್ದ ಬೇಸಿಗೆಯಲ್ಲಿ ಒಂದು ಕೆಫೆಗೆ ಕರೆದೊಯ್ದಿದ್ದೆ. ಬಾದಾಮಿ ಹಾಲು, ಚಿಯಾ ಬೀಜ, ಬಾಳೆಹಣ್ಣು, ಕಡಲೆಕಾಯಿ ಬೆಣ್ಣೆ, ಮೇಲೊಂದು ಹೂವಿನ ಎಸಳು, ಇಷ್ಟೆಲ್ಲದರ ಕೆಳಗೆ ಎಲ್ಲೋ ಓಟ್ಸ್ ಇತ್ತು. ಅಮ್ಮ ಎರಡು ಚಮಚ ತಿಂದು, ಪ್ರಸಾದವನ್ನು ಬಿಡಬಾರದೆಂಬಂತೆ ಹೂವನ್ನೂ ಬಾಯಿಗೆ ಹಾಕಿಕೊಂಡು, ಸುಮ್ಮನಾದರು. ಮರುದಿನ ಮನೆಯಲ್ಲಿ ಓಟ್ಸ್ ತರಿಯನ್ನು ರಾತ್ರಿಯೇ ನೆನೆಹಾಕಿ, ನೀರು, ಉಪ್ಪು ಮಾತ್ರ ಹಾಕಿ ಬೇಯಿಸಿ, ಬದಿಗೆ ಮಜ್ಜಿಗೆ ಇಟ್ಟೆ. "ಇದು ನಮ್ಮ ಅಂಬಲಿಯೇ ಅಲ್ಲವೇನೋ, ನಿನ್ನೆ ಯಾಕೆ ಅಷ್ಟು ದುಡ್ಡು ಸುರಿದೆ?" ಎಂದರು.

ಈ ಓಟ್ಸ್ ಅಂಬಲಿಗೆ ಪಾರಿಜ್ ಎಂದು ಹೆಸರು. ಮಜ್ಜಿಗೆ ನಾನು ಹೂಡಿದ ಉಪಾಯವಲ್ಲ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲೂ ಪಾರಿಜ್‌ಗೆ ಹಾಲು ಅಥವಾ ಮಜ್ಜಿಗೆಯನ್ನು ಬೇರೆ ಬಟ್ಟಲಲ್ಲಿಟ್ಟು, ಬಿಸಿ ಪಾರಿಜ್‌ನ ಚಮಚವನ್ನು ಅದರಲ್ಲಿ ಅದ್ದಿ ತಿನ್ನುವ ರೂಢಿ ಇತ್ತು. ಕಲಕುವುದಕ್ಕೆ ಸ್ಪರ್ಟಲ್ ಎಂಬ ಮರದ ಕೋಲು. ಮುದ್ದೆ ತೊಳಸುವ ನಮ್ಮ ಹಿಟ್ಟಿನ ಕೋಲಿಗೆ ಸಣಕಲು ತಂಗಿಯಂತಿರುತ್ತದೆ. ಬ್ರೋಸ್ ಇನ್ನೂ ಹತ್ತಿರದ್ದು: ಒಲೆಯ ಮೇಲಿಡುವುದೇ ಇಲ್ಲ, ಓಟ್ಸ್ ಹಿಟ್ಟಿಗೆ ಕುದಿನೀರು ಸುರಿದು ಕಲಸಿ ತಿನ್ನುವುದು. ಹುರಿಹಿಟ್ಟು ಕಲಸಿ ತಿಂದು ಹೊಲಕ್ಕೆ ಹೋದವರ ಮೊಮ್ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹುರಿದ ಬಟಾಣಿಯ ಹಿಟ್ಟಿನಲ್ಲೂ ಬ್ರೋಸ್ ಮಾಡುತ್ತಿದ್ದರು. ಸದರ್ಲೆಂಡ್‌ನ ಗೋಲ್ಸ್ಪಿಯಲ್ಲಿ ನೀರಿನಿಂದ ತಿರುಗುವ ಗಿರಣಿಯೊಂದು ಈಗಲೂ ಆ ಹಿಟ್ಟನ್ನು ಬೀಸುತ್ತದೆ. ಮೂಗಿನ ಹತ್ತಿರ ಹಿಡಿದರೆ ನಮ್ಮ ಹುರಿಗಡಲೆ ಪುಡಿಯ ನೆನಪಾಗುತ್ತದೆ.

ಹಳೆಯದೋ ಹೊಸದೋ ಎಂಬ ಜಗಳವನ್ನು ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಕ್ಯಾರ್‌ಬ್ರಿಜ್ ಹಳ್ಳಿಯವರು ಜಾಣತನದಿಂದ ಬಗೆಹರಿಸಿದ್ದಾರೆ. ಅಲ್ಲಿ 1994ರಿಂದ ನಡೆಯುತ್ತಿರುವ ವಿಶ್ವ ಪಾರಿಜ್ ಸ್ಪರ್ಧೆಯಲ್ಲಿ ಎರಡು ವಿಭಾಗ. ಗೋಲ್ಡನ್ ಸ್ಪರ್ಟಲ್ ಬಹುಮಾನ ಓಟ್ಸ್, ನೀರು, ಉಪ್ಪಿನ ಪಾರಿಜ್‌ಗೆ. ಮಿಕ್ಕ ಪದಾರ್ಥ ಸೇರಿಸಿ ಆಟವಾಡುವವರಿಗೆ ಇನ್ನೊಂದು ವಿಭಾಗ. ಮೂರೇ ಪದಾರ್ಥವಿದ್ದಾಗ ಗೆಲುವೆಲ್ಲ ಓಟ್ಸ್‌ನ ತರಿ ಎಷ್ಟು ದಪ್ಪ, ಉಪ್ಪು ಯಾವಾಗ ಬಿತ್ತು, ಕೈ ಎಷ್ಟು ಹೊತ್ತು ಆಡಿತು ಎಂಬುದರಲ್ಲಿದೆ. ನೀವು ಕೊಳ್ಳುವುದಾದರೆ ಚಪ್ಪಟೆ ಓಟ್ಸ್ ಬಿಟ್ಟು ಪಿನ್‌ಹೆಡ್ ಎಂಬ ದಪ್ಪ ತರಿ ಅಥವಾ ಮಧ್ಯಮ ತರಿ ಕೊಳ್ಳಿ. ಒಂದು ಲೋಟಕ್ಕೆ ಮೂರರಿಂದ ನಾಲ್ಕು ಲೋಟ ನೀರು, ಉಪ್ಪು ಅರ್ಧ ಬೆಂದ ಮೇಲೆ.

ಧಾನ್ಯದಲ್ಲಿ ನಾನು ಮೆಚ್ಚುವ ಹೊಸತನವೆಂದರೆ ಹಳೆಯದನ್ನೇ ಮತ್ತೆ ಬಿತ್ತಿದ್ದು. ಆರ್ಕ್ನಿ ದ್ವೀಪಗಳ ಬೇರ್ ಎಂಬ ಪುರಾತನ ಬಾರ್ಲಿ ಹೆಚ್ಚುಕಡಿಮೆ ಮರೆಯಾಗುವುದರಲ್ಲಿತ್ತು. ಬರ್ಸೆಯ ಬ್ಯಾರನಿ ಗಿರಣಿ, 1873ರಲ್ಲಿ ಕಟ್ಟಿದ್ದು, ಅದನ್ನು ಬೀಸುವುದನ್ನು ಬಿಡಲಿಲ್ಲ. ಈಗ ಹೊಸ ಬೇಕರಿಯವರು ಆ ಹಿಟ್ಟನ್ನು ಹುಡುಕಿಕೊಂಡು ಬರುತ್ತಾರೆ. ಕಾವಲಿಯ ಮೇಲೆ ಸುಟ್ಟ ಬೇರ್ ಬ್ಯಾನಕ್ ಕಂದುಬಣ್ಣದ ದಪ್ಪ ರೊಟ್ಟಿ, ಮಣ್ಣಿನ ವಾಸನೆಯದು. ಬೆಣ್ಣೆ ಬೇಕೇ ಬೇಕು.

ಜಿಂಕೆ ಮತ್ತು ಲಾಬ್‌ಸ್ಟರ್

ಸ್ಕಾಟ್ಲೆಂಡಿನ ಕಾನೂನಿನಲ್ಲಿ ಕಾಡಿನ ಜಿಂಕೆ ಯಾರ ಸ್ವತ್ತೂ ಅಲ್ಲ. ಬೇಟೆಯಾಡುವ ಹಕ್ಕು ಮಾತ್ರ ನೆಲದ ಒಡೆಯನದು. 19ನೇ ಶತಮಾನದಲ್ಲಿ ರಾಣಿ ವಿಕ್ಟೋರಿಯಾಳ ಪರಿವಾರ ಬಾಲ್ಮೊರಲ್ ಕೊಂಡ ಮೇಲಂತೂ ಹೈಲ್ಯಾಂಡ್ಸ್‌ನ ಬೆಟ್ಟಗಳು ಶ್ರೀಮಂತರ ಬೇಟೆಯ ಅಂಗಳಗಳಾದವು. ಗುಡಿಸಲಿನವರ ಒಲೆಗೆ ಜಿಂಕೆ ಬಂದರೆ ಅದು ಕದ್ದು ಬಂದದ್ದು. ಹೀಗಾಗಿ ಜಿಂಕೆಮಾಂಸಕ್ಕೆ ಅಜ್ಜಿಯ ಕೈಯ ಹದ ಎಂಬುದು ಅಲ್ಲಿ ಹೆಚ್ಚು ಬೆಳೆಯಲೇ ಇಲ್ಲ, ಗಂಟೆಗಟ್ಟಲೆ ಬೇಯಿಸಿ ನಾರು ಮಾಡುವುದಷ್ಟೇ ಉಳಿದಿತ್ತು. ಹೊಸ ಅಡುಗೆಯವರು ಅದನ್ನು ಹೊರಗೆ ಕಂದಾಗಿ ಒಳಗೆ ಕೆಂಪಾಗಿ ಹುರಿದು, ಕಾಡುಹಣ್ಣಿನ ಹುಳಿ ಸೇರಿಸಿ ಕೊಡುತ್ತಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ಕೇಳಿ ಬೆಳೆದ ನನಗೆ ಮೊದಲು ಗಂಟಲಲ್ಲಿ ಇಳಿಯಲಿಲ್ಲ. ತೋಳಗಳು ಅಳಿದುಹೋದ ಆ ನಾಡಿನಲ್ಲಿ ಜಿಂಕೆಗಳ ಸಂಖ್ಯೆ ಏರಿ ಎಳೆಯ ಗಿಡಗಳನ್ನೆಲ್ಲ ಮೇಯುತ್ತವೆ, ಸರಕಾರವೇ ಬೇಟೆಗೆ ಒತ್ತಾಯಿಸುತ್ತದೆ ಎಂದು ತಿಳಿದ ಮೇಲೆ ತಿಂದೆ.

ಕಡಲಿನದೂ ಇದೇ ಕಥೆ. ಸ್ಕಾಟಿಷ್ ನೀರಿನ ಲ್ಯಾಂಗೂಸ್ಟೀನ್ ಎಂಬ ದೊಡ್ಡ ಸಿಗಡಿಗಳಲ್ಲಿ ಬಹುಪಾಲು ಫ್ರಾನ್ಸ್, ಸ್ಪೇನ್‌ಗಳ ಊಟದ ಮೇಜಿಗೆ ಹೊರಟುಹೋಗುತ್ತವೆ. ಅವನ್ನು ಮನೆಯಲ್ಲೇ ಉಳಿಸಿಕೊಂಡು ಬೇಯಿಸುವುದೇ ಹೊಸ ಅಡುಗೆಯ ದೊಡ್ಡ ಸಾಧನೆ ಎಂದು ನನ್ನ ಎಣಿಕೆ. ಎಡಿನ್‌ಬರೋದ ಬಂದರು ಲೀತ್‌ನಲ್ಲಿ ಟಾಮ್ ಕಿಚಿನ್ 2006ರಲ್ಲಿ ತೆರೆದ ಹೋಟೆಲಿಗೆ ಮರುವರ್ಷವೇ, ಒಳ್ಳೆಯ ಹೋಟೆಲುಗಳಿಗೆ ಸಲ್ಲುವ ಮನ್ನಣೆಯಾದ ಮಿಶೆಲಿನ್ ತಾರೆ ಬಂತು. ಹತ್ತಿರದ ಕಡಲು, ಹತ್ತಿರದ ಹೊಲ, ಆಯಾ ಋತುವಿನ ಪದಾರ್ಥ ಎಂಬುದು ಅವರ ಹಟ. ಗ್ಲೆನೀಗಲ್ಸ್‌ನಲ್ಲಿ ಆಂಡ್ರ್ಯೂ ಫೇರ್ಲಿ ಹೆಸರಿನ ಹೋಟೆಲಿಗೆ ಎರಡು ತಾರೆ. ಫೇರ್ಲಿ 2019ರಲ್ಲಿ ತೀರಿಕೊಂಡರು. ಹಳೆಯ ವಿಸ್ಕಿ ಪೀಪಾಯಿಯ ಮರದ ಹೊಗೆಯಲ್ಲಿಟ್ಟ ಲಾಬ್‌ಸ್ಟರ್ ಅವರ ಹೆಗ್ಗುರುತಾಗಿತ್ತು. ಬೆಸ್ತರ ಹೊಗೆಯನ್ನು ಬೆಸ್ತರಿಗೆ ದಕ್ಕದ ಲಾಬ್‌ಸ್ಟರಿಗೆ ಹಾಕಿದ ಅಡುಗೆ ಅದು. ಇಂಥ ಊಟಕ್ಕೆ ಒಂದು ವಾರದ ದಿನಸಿಯ ಹಣ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಕೈ ಬಿಚ್ಚುವುದಿದ್ದರೆ ಇಲ್ಲಿ ಬಿಚ್ಚಿ, ಗೋಪುರದ ಹ್ಯಾಗಿಸ್‌ಗೆ ಬೇಡ. ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಅಗ್ಗವಾಗಿ ಸಿಗುವ ಕಡೆಗಳೂ ಇವೆ, ವಿಚಾರಿಸಿ ನೋಡಿ.

ಸಿಹಿ

ಶಾರ್ಟ್‌ಬ್ರೆಡ್ ಎಂಬ ಬೆಣ್ಣೆಬಿಸ್ಕತ್ತಿನಲ್ಲಿ ಆಯ್ಕೆಯ ಗೊಂದಲವಿಲ್ಲ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಹಿಟ್ಟು ಮೂರು. ಲ್ಯಾವೆಂಡರ್, ಚಾಕೊಲೇಟ್, ಮೆಣಸಿನಕಾಯಿ ಸೇರಿಸಿದ ಡಬ್ಬಿಗಳು ವಿಮಾನ ನಿಲ್ದಾಣದಲ್ಲೇ ಇರಲಿ. ಮೊಟ್ಟೆ ತಿನ್ನದವರಿಗೆ ಊರಿಗೆ ಒಯ್ಯಲು ಇದು ಒಳ್ಳೆಯ ಉಡುಗೊರೆ. ಟ್ಯಾಬ್ಲೆಟ್ ಎಂಬ ಮಿಠಾಯಿಯೂ ಹಾಗೆಯೇ; ಸಕ್ಕರೆ, ಬೆಣ್ಣೆ, ಮಂದಗೊಳಿಸಿದ ಹಾಲನ್ನು ಪಾಕಕ್ಕೆ ತಂದು, ತೋಳು ನೋಯುವವರೆಗೆ ತಿರುವಿ ಹರಳುಗಟ್ಟಿಸುವುದು. ಹಲ್ಲಿಗೆ ತಾಗುವ ಆ ಮರಳುಮರಳಾದ ಗುಣ ಬರ್ಫಿ ಬಲ್ಲವರಿಗೆ ಗುರುತು ಹತ್ತುತ್ತದೆ. ನಯವಾಗಿ ಬಾಯಲ್ಲಿ ಕರಗಿದರೆ ಅದು ಫಜ್, ಟ್ಯಾಬ್ಲೆಟ್ ಅಲ್ಲ.

ಕ್ರ್ಯಾನಕನ್ ವಿಷಯದಲ್ಲಿ ಮಾತ್ರ ಹೊಸದೇ ಗೆದ್ದಿದೆ, ಹಳೆಯದರ ಹೆಸರಿನಲ್ಲಿ. ಮೊದಲು ಅದು ಸುಗ್ಗಿಯ ಕಾಲದಲ್ಲಿ ಹುರಿದ ಓಟ್ಸ್‌ಗೆ ಕೆನೆಯನ್ನೋ ಕ್ರೌಡಿ ಎಂಬ ಮೆತ್ತನೆಯ ಚೀಸನ್ನೋ ಬೆರೆಸಿದ ಸರಳ ತಿನಿಸು. ರಾಸ್‌ಬೆರಿ, ಜೇನು, ವಿಸ್ಕಿ ಸೇರಿ ಎತ್ತರದ ಗಾಜಿನ ಲೋಟಕ್ಕೆ ಏರಿದ ಇಂದಿನ ರೂಪ ಹೋಟೆಲುಗಳಲ್ಲಿ ಬೆಳೆದದ್ದು. ಪರ್ತ್‌ಶೈರ್‌ನ ರಾಸ್‌ಬೆರಿ ಸಿಗುವ ಜುಲೈಯಲ್ಲಿ ತಿನ್ನಿ. ವಿಸ್ಕಿ ಬೇಡವೆಂದರೆ ಮೊದಲೇ ಹೇಳಬೇಕು, ಅದನ್ನು ಕೆನೆಯಲ್ಲಿ ಕಲಸಿಟ್ಟಿರುತ್ತಾರೆ. ಸ್ಟೋನ್‌ಹೇವನ್‌ನ ಕರಿದ ಮೀನಿನಂಗಡಿಯೊಂದರಲ್ಲಿ 1990ರ ದಶಕದಲ್ಲಿ ಹುಟ್ಟಿದ ಕರಿದ ಮಾರ್ಸ್ ಚಾಕೊಲೇಟನ್ನು ನಾಲ್ವರು ಒಂದನ್ನು ಹಂಚಿಕೊಂಡು ತಿಂದರೆ ಜನ್ಮಕ್ಕೆ ಸಾಕು.

ಸಸ್ಯಾಹಾರಿಗಳು ಎಡವುವ ಕಡೆಗಳು

ಹೊಸ ಹೋಟೆಲುಗಳಲ್ಲಿ ಸಸ್ಯಾಹಾರದ ಗುರುತು ಸ್ಪಷ್ಟವಾಗಿರುತ್ತದೆ. ಎಡವುವುದು ಹಳೆಯದರಲ್ಲೇ, ಏನನ್ನೂ ಬಿಸಾಡದ ಆ ಜಾಣತನದಿಂದಲೇ. ಬೇಳೆಯ ಸೂಪು ಎಂದು ಬರೆದಿದ್ದರೂ ಅದನ್ನು ಹಂದಿಯ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವುದು ಅಲ್ಲಿನ ರೂಢಿ. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕ್ಲೂಟಿ ಡಂಪ್ಲಿಂಗ್ ಎಂಬ ಒಣಹಣ್ಣಿನ ಕಡುಬಿನಲ್ಲಿ ದನದ ಕೊಬ್ಬು ಇರುತ್ತದೆ. ಕೆಲವು ಓಟ್‌ಕೇಕ್ ಬಿಸ್ಕತ್ತುಗಳಲ್ಲಿ ಹಂದಿಯ ಕೊಬ್ಬು ಇರುತ್ತದೆ. ಮೀನಿನಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವುದುಂಟು. ಎಣ್ಣೆ ಯಾವುದು ಎಂದು ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಹಳೆಯದರಲ್ಲಿ ನಿರ್ಭಯವಾಗಿ ತಿನ್ನಬಹುದಾದದ್ದು ರಂಬಲ್ಡಿಥಂಪ್ಸ್: ಆಲೂಗಡ್ಡೆ, ಎಲೆಕೋಸು, ಈರುಳ್ಳಿಗಳನ್ನು ಮಸೆದು ಚೀಸ್ ಉದುರಿಸಿ ಸುಟ್ಟದ್ದು. ಇಂಗ್ಲೆಂಡಿಗೆ ತಾಗಿದ ಗಡಿನಾಡಿನ ಊಟ. ನಿನ್ನೆ ಉಳಿದ ಪಲ್ಯದಿಂದ ಮಾಡಿದರೆ ಇನ್ನೂ ರುಚಿ.

ಎಡಿನ್‌ಬರೋದಲ್ಲಿ ಎರಡೇ ದಿನ ಇರುವವರು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಬೆಳಗ್ಗೆ ಉಪ್ಪಿನ ಪಾರಿಜ್. ಒಂದು ಮಧ್ಯಾಹ್ನ ಲೀತ್‌ನಲ್ಲಿ ಹಣ ಖರ್ಚು ಮಾಡಿ ಕಡಲಿನ ಊಟ. ರಾತ್ರಿ ಮಾಂಸದಂಗಡಿಯ ಹ್ಯಾಗಿಸ್ ತಂದು ಬಾಣಲೆಯಲ್ಲಿ ಹುರಿದುಕೊಳ್ಳಿ, ಮಾಂಸ ಬೇಡದವರು ಸಸ್ಯಾಹಾರಿಯದು. ಮರುದಿನ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ದೂರದ ಆರ್ಬ್ರೋತ್. ಸ್ಮೋಕಿಯನ್ನು ಬಂದರಿನಲ್ಲೇ ತಿಂದು ಮುಗಿಸಿ. ಪೊಟ್ಟಣ ಹಿಡಿದು ರೈಲು ಹತ್ತಿದರೆ ಡಂಡಿ ನಿಲ್ದಾಣ ಬರುವಷ್ಟರಲ್ಲಿ ಬೋಗಿಯಲ್ಲಿ ನಿಮ್ಮ ಅಕ್ಕಪಕ್ಕದ ಸೀಟುಗಳು ಖಾಲಿಯಾಗಿರುತ್ತವೆ.